ಸರ್ವೆ ನಂಬರ್ ಎಂಬತ್ತೇಳರ ಚರಗ

ಎಳ್ಳಮಾಸಿಯ ಮರುದಿನ ಠಾಣೆಗೆ ಕೆಲಸ ಕಡಿಮೆ. ಊರಿಗೆ ಊರೇ ಹಿಂದಿನ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಅಂಬಲಿ ಉಂಡು ಬಂದಿರುತ್ತದೆ. ಜಗಳಕ್ಕೆ ಏಳಬೇಕೆಂದರೂ ಮೈ ಭಾರ. ಹಾಗಾಗಿ 2024ರ ಡಿಸೆಂಬರ್ 31, ಮಂಗಳವಾರ, ಮುಂಜಾನೆ ಎಂಟು ನಲವತ್ತಕ್ಕೆ ತೆಲಂಗಾಣದ ನ್ಯಾಲ್ಕಲ್ ಮಂಡಲದ ಗಡಿ ಠಾಣೆಯ ಮುಂದೆ ಬಿಳಿ ಜೀಪೊಂದು ಧೂಳೆಬ್ಬಿಸಿ ನಿಂತಾಗ ಇನ್ಸ್‌ಪೆಕ್ಟರ್ ಸೋಮಶೇಖರ ಚಹಾದ ಬಟ್ಟಲು ಕೆಳಗಿಟ್ಟು ತಲೆಯೆತ್ತಿದರು.

ಅವರು ಜಹೀರಾಬಾದಿನಲ್ಲಿ ಕೂಡುವ ಅಧಿಕಾರಿ. ಇಲ್ಲಿಯ ಎಸ್.ಐ. ತರಬೇತಿಗೆ ಹೋದದ್ದರಿಂದ ಹತ್ತು ದಿನ ಈ ಠಾಣೆಯನ್ನೂ ನೋಡಿಕೊಳ್ಳುತ್ತಿದ್ದರು. ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ಹುಟ್ಟಿದ್ದು ನಾರಾಯಣಖೇಡಿನಲ್ಲಿ, ತಲೆತಲಾಂತರದಿಂದ ನೌಕರಿಯನ್ನೇ ನಂಬಿದ ಮನೆತನದಲ್ಲಿ. ಹೊಲದ ಬದು ಎಂದರೆ ನಡೆದು ಹೋಗುವ ದಾರಿ ಎಂಬಷ್ಟೇ ಅವರಿಗೆ ಗೊತ್ತು. ಹೋದ ಆಷಾಢದಲ್ಲಿ ಹೆಂಡತಿ ವತ್ಸಲಾಬಾಯಿ ತೀರಿಕೊಂಡರು. ಅಸ್ಥಿಯನ್ನು ಮಂಜೀರಾ ಹೊಳೆಗೆ ಬಿಟ್ಟು ಬಂದ ಮೇಲೆ ಅವರು ಆ ಹೊಳೆಯ ಕಡೆಗೆ ಹೋಗಿರಲಿಲ್ಲ.

ಜೀಪಿನಿಂದ ಇಳಿದವನು ಅನಿಕೇತ, ಚಿಂಚಗೇರಾ ಗ್ರಾಮದ ಹೊಳೆದಂಡೆಯಲ್ಲಿ ಎದ್ದಿರುವ 'ಕ್ರೌಂಚ ರಿಟ್ರೀಟ್' ಎಂಬ ರೆಸಾರ್ಟಿನ ಮ್ಯಾನೇಜರ್. ಜಹೀರಾಬಾದಿನ ಹುಡುಗನೇ. ಬರೆದು ತಂದ ದೂರನ್ನು ಟೇಬಲ್ಲಿನ ಮೇಲಿಟ್ಟ.

"ಯೋಗದ ಡೆಕ್ಕಿನ ಹಲಗಿ ಪೂರಾ ಕಿತ್ತು ಹಾಕ್ಯಾರ ಸರ್. ಎರಡನೇ ತಾರೀಖಿಗೆ ಕಂಪನಿಯವರು ಯುರೋಪಿನಿಂದ ಬರ್ತಾರ. ಮೂರು ಮಂದಿ. ಅವರು ನೋಡಿ ಹೂಂ ಅಂದ್ರನೇ ಮುಂದಿನ ದುಡ್ಡು."

"ಯಾವಾಗ ಆದದ್ದು?"

"ನಿನ್ನೆ ಮುಂಜಾನಿ ಎಂಟರಿಂದ ಸಂಜೀ ಆರರ ಒಳಗ. ಎಳ್ಳಮಾಸಿ ಅಂತ ಎಲ್ಲಾರಿಗೂ ರಜಾ ಕೊಟ್ಟಿದ್ದೆ. ವಾಚ್‌ಮನ್ನೂ ತನ್ನ ಹೊಲಕ್ಕ ಹೋಗ್ಯಾನ."

"ಕ್ಯಾಮೆರಾ ಇಲ್ಲವೇ?"

ಅನಿಕೇತ ನೆಲ ನೋಡಿದ. "ಅದಾವ ಸರ್. ಎಲ್ಲಾ ಹೊಳಿ ಕಡೆ ಮುಖ ಮಾಡ್ಯಾವ. ಹಕ್ಕಿ ನೋಡಾಕ."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಹಣಮಂತರಾಯ ಮೀಸೆಯೊಳಗೇ ನಕ್ಕ. "ಹಕ್ಕಿ ಏನ್ ಕಳವು ಮಾಡ್ತಾವ್ರಿ?"

ದೂರಿನ ಕೊನೆಯಲ್ಲಿ ಒಂದು ಹೆಸರಿತ್ತು: ಸಂಜೀವಕುಮಾರ. ಹೊಳೆಗೆ ಹೋಗುವ ದಾರಿಗೆ ರೆಸಾರ್ಟಿನವರು ಬೇಲಿ ಹಾಕಿದ್ದನ್ನು ವಿರೋಧಿಸಿ ಊರವರನ್ನು ಕೂಡಿಸಿ ಧರಣಿ ಕೂತವನು. ಹದಿನೈದು ದಿನದ ಹಿಂದೆ, "ದಾರಿ ಬಿಡದಿದ್ರ ಒಂದೊಂದು ಹಲಗಿ ಕಿತ್ತು ಹೊಳಿಗೆ ಬಿಡ್ತೀವಿ" ಎಂದು ಮೈಕಿನಲ್ಲಿ ಕೂಗಿದ್ದ. ಕೇಳಿದವರು ಇನ್ನೂರು ಮಂದಿ.

ಎಫ್.ಐ.ಆರ್. ನಂಬರ್ 212/2024. ಭಾರತೀಯ ನ್ಯಾಯ ಸಂಹಿತೆಯ ಅತಿಕ್ರಮ ಪ್ರವೇಶ ಮತ್ತು ಆಸ್ತಿಹಾನಿಯ ಕಲಮುಗಳು. ಆರೋಪಿಯ ಕಾಲಮಿನಲ್ಲಿ ಸೋಮಶೇಖರ "ಅಪರಿಚಿತ" ಎಂದು ಬರೆಸಿದರು. ಅನಿಕೇತನ ಮುಖ ಗಂಟಾಯಿತು.

ಹಾಗೆ ಬರೆಸಲು ಕಾರಣವಿತ್ತು. ಅದೇ ಟೇಬಲ್ಲಿನ ಬಲಮೂಲೆಯಲ್ಲಿ, ಗಾಜಿನ ಗುಂಡಿನ ಕೆಳಗೆ, ಸಂಜೀವಕುಮಾರನ ಹೆಸರಿನ ಇನ್ನೊಂದು ಕಾಗದ ಇತ್ತು. ಅವನಿಗೆ ಸರ್ಕಾರಿ ವಸತಿ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ನಡತೆಯ ಬಗ್ಗೆ ಪೊಲೀಸರ ವರದಿ ಜನವರಿ ಮೂರರೊಳಗೆ ಹೋಗಬೇಕು. ಕೇಸಿನಲ್ಲಿ ಹೆಸರು ಬಿದ್ದರೆ ಆ ನೌಕರಿ ಹೋದಂತೆಯೇ.

ಹತ್ತು ಗಂಟೆಗೆ ಅವನನ್ನು ಕರೆಸಿ ಬೆಂಚಿನ ಮೇಲೆ ಕೂಡಿಸಿದರು. ಇಪ್ಪತ್ತೊಂಬತ್ತರ ವಯಸ್ಸು, ಸ್ವಚ್ಛ ಇಸ್ತ್ರಿ ಮಾಡಿದ ಅಂಗಿ.

"ನಿನ್ನೆ ಎಲ್ಲಿದ್ದೆ?"

"ಹೊಲದಾಗ ರೀ."

"ಎಲ್ಲಿಯತನಕ?"

"ಹೊತ್ತು ಮುಳುಗೂತನ."

"ನೋಡಿದವರು?"

"ಇಡೀ ಊರೇ ಹೊಲದಾಗ ಇತ್ತು ಸಾಹೇಬ್ರ. ಎಲ್ಲಾರೂ ಎಲ್ಲಾರನ್ನೂ ನೋಡ್ಯಾರ. ಹಂಗಂದ್ರ ಯಾರೂ ಯಾರನ್ನೂ ನೋಡಿಲ್ಲ ಅಂತ ನೀವು ಬರಕೋತೀರಿ."

"ಹಲಗೆ ಕೀಳ್ತೀವಿ ಅಂದದ್ದು ಹೌದೋ ಅಲ್ಲೋ?"

"ಅಂದೀನ್ರಿ. ನಮ್ಮ ಎಮ್ಮಿ ಮೂರು ಮೈಲು ಸುತ್ತಿ ನೀರಿಗೆ ಹೋಗಬೇಕು. ಎಮ್ಮಿ ಕಂಡ್ರ ಹಕ್ಕಿಗಿ ಅಂಜಿಕಿ ಆಗ್ತದಂತ. ಅಲ್ರೀ, ಆ ಹಕ್ಕಿ ಎಮ್ಮಿ ಬೆನ್ನ ಮ್ಯಾಲೆ ಕುಂತೇ ದೊಡ್ಡವಾಗ್ಯಾವ." ಅಂಗಿಯ ಮಡಿಕೆ ಸರಿಮಾಡಿಕೊಂಡು ಅಂದ: "ಅಂದದ್ದು ಖರೇ. ಮಾಡಿಲ್ಲ."

"ಸಂಜೆಯವರೆಗೆ ಇಲ್ಲೇ ಕೂತಿರು."

"ಕೂಡ್ತೀನ್ರಿ. ಆ ಕಾಗದ ಮಾತ್ರ..." ಅವನ ಕಣ್ಣು ಗಾಜಿನ ಗುಂಡಿನ ಮೇಲಿತ್ತು.

ಹತ್ತು ಮುಕ್ಕಾಲಿಗೆ ಸೋಮಶೇಖರ ಸ್ಥಳಕ್ಕೆ ಮುಟ್ಟಿದರು. ಜೊತೆಯಲ್ಲಿ ಹಣಮಂತರಾಯ ಮತ್ತು ಕಾನ್‌ಸ್ಟೆಬಲ್ ಬಾಲಮಣಿ. ಪಂಚರೆಂದು ಆಟೋ ನಡೆಸುವ ಸಂಗುವನ್ನೂ, ಬೇಲಿಯ ಆಚೆ ಕಟ್ಟಿಗೆ ಆಯುತ್ತಿದ್ದ ಈಶಮ್ಮನನ್ನೂ ಕರೆತಂದರು. ಈಶಮ್ಮನಿಗೆ ಅರವತ್ತು ದಾಟಿತ್ತು. ಅವಳ ಮಗಳು ಅದೇ ರೆಸಾರ್ಟಿನಲ್ಲಿ ಕೋಣೆಗಳ ಕಸ ಹೊಡೆಯುತ್ತಿದ್ದಳು.

ಹೊಳೆಯ ಕಡೆಗೆ ಇಳಿಯುವ ಹುಲ್ಲುಹಾಸಿನ ನಡುವೆ ಬರಿಯ ಕಬ್ಬಿಣದ ಚೌಕಟ್ಟು ನಿಂತಿತ್ತು. ಕಿತ್ತು ಹಾಕಿದ್ದಾರೆಂದು ಕೇಳಿ ಬಂದ ಸೋಮಶೇಖರರು ಸುಮ್ಮನೆ ನಿಂತು ನೋಡಿದರು. ನಲವತ್ತಾರು ಹಲಗೆಗಳನ್ನು ಒಂದರ ಮೇಲೊಂದು, ತುದಿಗೆ ತುದಿ ಕೂಡಿಸಿ ಒಟ್ಟಿದ್ದರು. ಒಂದಕ್ಕೂ ಸೀಳಿಲ್ಲ. ಪಕ್ಕದಲ್ಲಿ ಒಂದು ಹಳೆಯ ಡಾಲ್ಡಾ ಡಬ್ಬಿ. ಅದರ ತುಂಬ ಬಿಚ್ಚಿದ ಸ್ಕ್ರೂಗಳು, ಮೇಲೆ ಮುಚ್ಚಳ.

"ಸಿಟ್ಟಿನ ಕೆಲಸ ಅಲ್ಲ ಇದು" ಎಂದರು.

"ಮನೀ ಪಾತ್ರಿ ತೊಳೆದು ಇಟ್ಟಂಗ ಅದ ರೀ" ಎಂದ ಹಣಮಂತರಾಯ.

ಚೌಕಟ್ಟಿನ ಕೆಳಗೆ ನಾಲ್ಕಡಿ ಅಗಲದ ನೆಲ ಅಗೆದು, ಮತ್ತೆ ತುಂಬಿ, ಕೈಯಿಂದ ಸವರಿ ಸಪಾಟು ಮಾಡಿದ್ದರು. ಸುತ್ತ ಬರಿಗಾಲಿನ ಹೆಜ್ಜೆಗಳು. ಬಾಲಮಣಿ ಮಣ್ಣು ಕೆದರಿ ನಾಲ್ಕಾರು ಬಿಳಿಯ ಚೂರು ತೆಗೆದಳು.

"ಸುಣ್ಣ ಸರ್. ಕಟ್ಟಡದ್ದು" ಎಂದ ಅನಿಕೇತ ಅವಸರದಿಂದ.

ಹಣಮಂತರಾಯ ಒಂದು ಚೂರನ್ನು ಬೆರಳಿನಲ್ಲಿ ತಿಕ್ಕಿ ಮೂಸಿ ನೋಡಿದ. ಆಮೇಲೆ ಯಾರೂ ಹೇಳದೆಯೇ ಬೂಟು ಬಿಚ್ಚಿ ದೂರ ಇಟ್ಟು ಬಂದ.

"ಏನದು?"

"ವಿಭೂತಿ ಗಟ್ಟಿ ರೀ. ನೋಡ್ರಿ, ಉಪ್ಪಿನ ಹರಳೂ ಅದಾವ. ಲಿಂಗವಂತರು ಮಣ್ಣು ಕೊಡೂ ಮುಂದ ದೇಹದ ಸುತ್ತ ಇವನ್ನ ತುಂಬತಾರ. ಇಲ್ಲಿ ಯಾರನ್ನೋ ಕುಂಡ್ರಿಸಿ ಮಣ್ಣು ಕೊಟ್ಟಿದ್ರು. ಈಗ ತಗದು ಒಯ್ದಾರ."

ಹಲಗೆ ಕಿತ್ತ ಕೇಸು ಹೆಣದ ಕೇಸಾಯಿತೆ? ಸೋಮಶೇಖರರು ತಹಶೀಲ್ದಾರರಿಗೂ ಸರ್ಕಾರಿ ದವಾಖಾನೆಯ ವೈದ್ಯಾಧಿಕಾರಿಗೂ ಫೋನ್ ಮಾಡಿ ತಿಳಿಸಿದರು. ಆಮೇಲೆ ಅನಿಕೇತನ ಕಡೆ ತಿರುಗಿ ಕೇಳಿದರು, "ಇಲ್ಲಿ ಸಮಾಧಿ ಇತ್ತೇ?"

"ಇದ್ದಿಲ್ಲ ಸರ್. ಹೊರದೇಶದ ಕಂಪನಿಗೆ ಆ ವಿಷಯ ಭಾಳ ಕಟ್ಟುನಿಟ್ಟು. ಗುಡಿ, ಸಮಾಧಿ ಇದ್ದ ಜಾಗ ಮುಟ್ಟಂಗೇ ಇಲ್ಲ. ಎಲ್ಲಾ ರೈತರ ಕಡಿಂದ ಬರಸಿಕೊಂಡೀವಿ."

"ಆ ಕಾಗದ ತರಿಸು."

ಬಾಲಮಣಿ ಹುಲ್ಲಿನ ಮೇಲೆ ಕೂತು ತೆಲುಗಿನಲ್ಲಿ ಪಂಚನಾಮೆ ಬರೆದಳು. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಅದನ್ನು ಪಂಚರಿಗೆ ಕನ್ನಡದಲ್ಲಿ ಓದಿ ಹೇಳಿದಳು. ಹಲಗೆ, ಡಬ್ಬಿ, ಸಮಾಧಿಯ ಗುಂಡಿ, ವಿಭೂತಿಯ ಚೂರು. ಐದನೆಯದು: "ಸ್ಥಳದ ಆಸುಪಾಸು ನಾಲ್ಕು ಕಡೆ ಊಟದ ಎಂಜಲು ಬಿದ್ದಿದ್ದು, ಇರುವೆ ಮುತ್ತಿರುತ್ತವೆ."

ಸಂಗು ಸಹಿ ಹಾಕಿದ. ಈಶಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡವಳು ಕೈ ಹಿಂದಕ್ಕೆ ತೆಗೆದಳು.

"ನಾ ಒತ್ತಂಗಿಲ್ಲವ್ವಾ."

"ಯಾಕಮ್ಮಾ?"

"ಎಂಜಲ ಅಂತ ಬರದೀಯಲ್ಲ. ಅದು ಎಂಜಲ ಅಲ್ಲ. ಚರಗ."

ಸೋಮಶೇಖರ ಹತ್ತಿರ ಬಂದರು. "ಅಂದರೆ?"

ಈಶಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸಾಹೇಬ್ರು ಎಂದೂ ಹೊಲ ಮಾಡಿಲ್ಲೇನು? ಎಳ್ಳಮಾಸಿ ದಿನ ಮಾಡಿದ ಅಡಗೀನೆಲ್ಲ ಕಲಸಿ, ನಮ್ಮ ಹೊಲದ ಬದುವಿನ ಗುಂಟ ಸುತ್ತಿ ಚೆಲ್ಲತೀವಿ. ಭೂಮಿತಾಯಿ ಬಸುರಿ ಇರ್ತಾಳ ನೋಡ್ರಿ, ಅಕಿ ಬಯಕಿ ಅದು. ಅದನ್ನ ಎಂಜಲ ಅಂತ ಬರದ ಕಾಗದಕ್ಕ ನಾ ಹೆಬ್ಬೆಟ್ಟು ಒತ್ತಿದ್ರ ನನಗ ಒಳ್ಳೇದಾಗಂಗಿಲ್ಲ."

"ಇಲ್ಲಿ ಹೊಲ ಎಲ್ಲಿದೆ? ಇದು ರೆಸಾರ್ಟು."

"ಅದನ್ನೇ ಅಂತೀನಿ" ಎಂದಳು ಈಶಮ್ಮ.

ಸೋಮಶೇಖರ ಹಣಮಂತರಾಯನನ್ನು ನೋಡಿದರು. ನಾಗಲಗಿದ್ದದ ಕಡೆಯ ರೈತನ ಮಗ ಅವನು. ತನ್ನ ಹಣೆ ತಾನೇ ಬಡಿದುಕೊಂಡ. "ಕಣ್ಣೆದುರಿಗೇ ಇತ್ತು ರೀ. ನನಗ ಹೊಳೀಲೇ ಇಲ್ಲ."

"ಚರಗವನ್ನು ಬೇರೆಯವರ ಹೊಲದಲ್ಲಿ ಚೆಲ್ಲುತ್ತಾರೆಯೆ?"

"ಸಾಧ್ಯನೇ ಇಲ್ಲ ರೀ. ತಮ್ಮ ಬದುವಿನ ಒಳಗಷ್ಟೇ."

ಪಂಚನಾಮೆಯ ಐದನೆಯ ಸಾಲನ್ನು ಹೊಡೆದು, "ಚರಗ" ಎಂದು ತಿದ್ದಿ ಬರೆದು, ತಿದ್ದಿದ್ದಕ್ಕೆ ಬದಿಯಲ್ಲಿ ಸಹಿ ಮಾಡಿಸಿದರು. ಈಶಮ್ಮ ಹೆಬ್ಬೆಟ್ಟು ಒತ್ತಿದಳು.

"ಇದು ಯಾರ ಹೊಲವಾಗಿತ್ತು ಈಶಮ್ಮ?"

"ನನ್ನ ಬಾಯಿಲೆ ಕೇಳಬ್ಯಾಡ್ರಿ. ನನ್ನ ಮಗಳು ಇಲ್ಲೇ ದುಡೀತಾಳ. ಇದು ಬಂದಾದ್ರ ಅಕಿ ಮತ್ತ ಹೈದರಾಬಾದಿಗೆ ಇಟ್ಟಂಗಿ ಹೊರಾಕ ಹೋಗಬೇಕು." ಕಟ್ಟಿಗೆ ಹೊರೆ ತಲೆಗೇರಿಸಿಕೊಂಡಳು. "ಇರುವಿ ಕೇಳ್ರಿ. ಅವಕ್ಕ ನೌಕರಿ ಚಿಂತಿಲ್ಲ."

ಇರುವೆಯನ್ನೇ ಕೇಳಿದರು. ಹಣಮಂತರಾಯ ಬಗ್ಗಿ ಬಗ್ಗಿ ನಡೆದ. ಬಾಲಮಣಿ ಹಿಂದೆ ಹಿಂದೆ ಸುಣ್ಣದ ಚುಕ್ಕೆ ಇಟ್ಟಳು. ಸಜ್ಜೆಯ ಕಡುಬಿನ ಚೂರು, ಭಜ್ಜಿಯ ಅವರೆಕಾಳು, ಎಳ್ಳು. ಹುಲ್ಲುಹಾಸನ್ನು ದಾಟಿ, ಮೂರನೇ ನಂಬರಿನ ಕಾಟೇಜಿನ ಮೆಟ್ಟಿಲ ಕೆಳಗೆ ಹಾದು, ಈಜುಕೊಳದ ಅಂಚಿಗೆ ಬಂದು ತಿರುಗಿ, ಕಡೆಗೆ ಹೂವಿನ ಮಡಿಯಲ್ಲಿ ಹುಗಿದುಹೋಗಿದ್ದ ಒಂದು ಗಡಿಕಲ್ಲಿಗೆ ಚುಕ್ಕೆಗಳ ಸಾಲು ಮುಟ್ಟಿತು. ದೂರ ನಿಂತು ನೋಡಿದರೆ ಹೊಸ ಕಟ್ಟಡಗಳ ಮೇಲೆ ಹಳೆಯ ಹೊಲವೊಂದು ಚೌಕಾಗಿ ಎದ್ದು ಕಾಣುತ್ತಿತ್ತು. ಬದು ಅಳಿಸಿ ಎರಡು ವರ್ಷವಾಗಿತ್ತು. ಚೆಲ್ಲಿದ ಕೈಗೆ ಮಾತ್ರ ಅದು ಅಂಗುಲವೂ ತಪ್ಪಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮಂಡಲ ಸರ್ವೇಯರ್ ಗ್ರಾಮದ ನಕ್ಷೆ ಹಿಡಿದು ಬಂದು ತಾಳೆ ನೋಡಿದ. "ಸರ್ವೆ ನಂಬರ್ ಎಂಬತ್ತೇಳು ಸಾರ್. ಎರಡು ಎಕರೆ ಹದಿನೆಂಟು ಗುಂಟೆ. 2022ರ ಮಾರ್ಚಿನಲ್ಲಿ ಕಂಪನಿಗೆ ಮಾರಾಟ. ಮಾರಿದವರು ವೈಜಿನಾಥ, ತಂದೆ ಶರಣಪ್ಪ."

ಆ ಹೊತ್ತಿಗೆ ಅನಿಕೇತ ತರಿಸಿದ ಫೈಲೂ ಬಂತು. ಛಾಪಾ ಕಾಗದದ ಮೇಲೆ ಟೈಪಿನ ಸಾಲುಗಳ ಕೆಳಗೆ, ಒಂದು ಸಾಲನ್ನು ವೈಜಿನಾಥನ ಕೈಯಿಂದಲೇ ಬರೆಸಿದ್ದರು. ಗುಂಡು ಗುಂಡಾದ ಹಳೆಯ ಶಾಲೆಯ ಅಕ್ಷರ: "ನನ್ನ ಸದರಿ ಭೂಮಿಯಲ್ಲಿ ಗುಡಿ, ಗದ್ದುಗೆ, ಸಮಾಧಿ ಏನೂ ಇರುವುದಿಲ್ಲವೆಂದು ಶಿವಸಾಕ್ಷಿಯಾಗಿ ಬರೆದುಕೊಟ್ಟಿದ್ದೇನೆ."

"ವೈಜಿನಾಥಪ್ಪ ಅಂದ್ರ ಊರಾಗ ಅವರ ಮಾತೇ ಕಾಗದ ಇದ್ದಂಗ ಸರ್" ಎಂದ ಅನಿಕೇತ. ದನಿ ಕುಗ್ಗಿತ್ತು. "ಎರಡನೇ ತಾರೀಖು ಅವರನ್ನೇ ಮುಂದ ನಿಲ್ಲಸೋದಿತ್ತು. ಬರೋ ಮಂದಿ ದುಭಾಷಿ ಕರಕೊಂಡು ಬಂದು, ರೈತರನ್ನ ಬಾಯಿಲೆ ಕೇಳ್ತಾರ."

"ಅದನ್ನು ಅವರಿಗೆ ಹೇಳಿದ್ದು ಯಾವಾಗ?"

"ಹೋದ ಶುಕ್ರವಾರ."

ಜನನ ಮರಣದ ದಾಖಲೆ ನೋಡಿಕೊಂಡು ಬಂದ ಬಾಲಮಣಿ ಐದೂವರೆಗೆ ವರದಿ ಕೊಟ್ಟಳು: ವೈಜಿನಾಥ ಮತ್ತು ಬಸವೇಶ್ವರಿ ದಂಪತಿಗಳ ಮಗಳು ಸ್ವಾತಿ, ಹತ್ತೊಂಬತ್ತು ವರ್ಷ, 2017ರ ಸೆಪ್ಟೆಂಬರಿನಲ್ಲಿ ಜ್ವರದಿಂದ ಮೃತಳು. ಒಬ್ಬಳೇ ಮಗಳು.

ಆರು ಗಂಟೆಗೆ ಡಿ.ಎಸ್.ಪಿ. ಸಾಹೇಬರ ಫೋನು. "ಧರಣಿ ಕೂತವನನ್ನು ಹಿಡಿದಿದ್ದೀರಂತೆ. ನಾಳೆ ಮಧ್ಯಾಹ್ನದೊಳಗೆ ಅರೆಸ್ಟ್ ತೋರಿಸಿ. ಪರದೇಶದವರು ಬರುವ ಮುಂಚೆ ಪತ್ರಿಕೆಗೆ ಹೋಗಬೇಕು."

"ಸರ್, ನಾಳೆ ಮುಂಜಾನೆಯವರೆಗೆ ಸಮಯ ಕೊಡಿ" ಎಂದರು ಸೋಮಶೇಖರ. ಸಂಜೀವಕುಮಾರನಿಗೆ ನೋಟೀಸು ಕೊಟ್ಟು, ಒಂಬತ್ತಕ್ಕೆ ಬಾ ಎಂದು ಮನೆಗೆ ಕಳಿಸಿದರು. ಅವನು ಹೊರಗೆ ಹೋಗುವಾಗ ಮತ್ತೊಮ್ಮೆ ಟೇಬಲ್ಲಿನ ಕಡೆಗೆ ನೋಡಿದ.

2025ರ ಜನವರಿ 1, ಬುಧವಾರ, ಮುಂಜಾನೆ ಏಳೂವರೆ. ಊರಿನ ದಕ್ಷಿಣಕ್ಕೆ ವೈಜಿನಾಥ ಉಳಿಸಿಕೊಂಡಿದ್ದ ಒಂದು ಎಕರೆ ಹೊಲ. ಬಿಳಿಜೋಳ ತೆನೆ ಒಡೆದು ನಿಂತಿತ್ತು. ಬೋರೆಹಣ್ಣಿನ ಗಿಡದ ಕೆಳಗೆ ಹೊಸ ಮಣ್ಣಿನ ದಿಬ್ಬ, ಅದರ ಮೇಲೆ ಬಿಲ್ವಪತ್ರಿ, ವಿಭೂತಿಯ ಮೂರು ಗೆರೆ, ಆರಿದ ಹಣತೆ. ದಂಪತಿಗಳಿಬ್ಬರೂ ಅಲ್ಲೇ ಇದ್ದರು. ವೈಜಿನಾಥಪ್ಪ ಸ್ನಾನ ಮಾಡಿ, ಹಣೆಯ ತುಂಬ ವಿಭೂತಿ ಧರಿಸಿ, ಒಗೆದ ಧೋತರ ಉಟ್ಟಿದ್ದರು. ಪಕ್ಕದಲ್ಲಿ ಒಂದು ಕೈಚೀಲ.

"ನಾನೇ ಬರಾಕ ಹೊಂಟಿದ್ದೆ ಸಾಹೇಬ್ರ. ಸಂಜೀವನ್ನ ಕೂಡಿಸಿದ್ರಂತ ರಾತ್ರಿ ಗೊತ್ತಾತು. ಅವಂದೇನೂ ಇಲ್ಲ."

ಸೋಮಶೇಖರರು ಬೂಟು ಬಿಚ್ಚಿದರು. ಯಾಕೆ ಬಿಚ್ಚಿದೆನೆಂದು ಯೋಚಿಸಲಿಲ್ಲ. ಬದುವಿನ ಮೇಲೆ ಕೂತು ಬಾಲಮಣಿಗೆ ಬರೆದುಕೊಳ್ಳಲು ಸನ್ನೆ ಮಾಡಿದರು.

"ಹಲಗೆ ಬಿಚ್ಚಿದವರು?"

"ನಾನು."

"ಜೊತೆಗೆ?"

"ನಾನೊಬ್ಬನೇ."

"ಸುಳ್ಳ ಹೇಳಬ್ಯಾಡ್ರಿ ಇನ್ನ" ಎಂದರು ಬಸವೇಶ್ವರಿ ತಲೆಯ ಸೆರಗು ಸರಿಮಾಡಿಕೊಳ್ಳುತ್ತ. "ಡಬ್ಬಿ ಹಿಡದವಳು ನಾನು. ಒಂದೊಂದು ತಿರುಪು ಎಣಿಸಿ ಹಾಕೀನಿ."

"ಹಲಗೆ ಒಡೆಯಬಹುದಿತ್ತು. ಯಾಕೆ ಅಷ್ಟು ಜತನದಿಂದ ಒಟ್ಟಿದಿರಿ?"

"ಹಲಗಿ ಅವರವು ರೀ. ನಾ ನನ್ನದಷ್ಟೇ ತಗೊಂಡು ಬಂದೀನಿ" ಎಂದರು ವೈಜಿನಾಥಪ್ಪ. "ತಿರುಗಿ ಜೋಡಿಸಿ ಬರಬೇಕಂತ ಇತ್ತು. ಮಣ್ಣು ತಗದು, ಅಕಿನ್ನ ಹೊಸ ಬಟ್ಟ್ಯಾಗ ಸುತ್ತಿ ಇಲ್ಲಿಗೆ ತಂದು ಕುಂಡ್ರಿಸೂದ್ರಾಗ ಹೊತ್ತು ಮುಳುಗಿತು. ಮಂದಿ ಹೊಲದಿಂದ ಹೊಳ್ಳಿ ಬರಾಕ ಹತ್ತಿದ್ರು."

"ಸಮಾಧಿ ಇಲ್ಲ ಅಂತ ಬರೆದುಕೊಟ್ಟವರು ನೀವೇ."

"ಹೌದ್ರಿ."

"ಯಾಕೆ?"

ವೈಜಿನಾಥಪ್ಪ ಹೊಳೆದಂಡೆಯ ಕಡೆಗೆ ಕೈ ತೋರಿಸಿದರು.

"ನಂದು ನಡುವಿನ ಹೊಲ. ನಾ ಕೊಡದಿದ್ರ ಸುತ್ತಲಿನ ಹದಿನೇಳು ಮಂದೀದೂ ಆಗಂಗಿಲ್ಲ ಅಂದ್ರು. ಆ ಹದಿನೇಳೂ ಮಂದಿ ಬಂದು ನನ್ನ ಬಾಗಿಲ ಮುಂದ ಕುಂತ್ರು. ಬೈಯಲಿಲ್ಲ, ಹೊಡೀಲಿಲ್ಲ. ಸುಮ್ಮ ಕುಂತ್ರು. ಹೊರದೇಶದವರ ಕಾನೂನು ಒಳ್ಳೇದೇ ರೀ; ಸತ್ತವರ ಜಾಗ ಮುಟ್ಟಬಾರದು ಅಂತ ಅದ. ಆ ಕಾನೂನು ನನ್ನ ಮಗಳನ್ನ ಉಳಸಬೇಕಿತ್ತು. ಅದೇ ಕಾನೂನಿನ ಸಲುವಾಗಿ ಅಕಿ ಇಲ್ಲೇ ಇಲ್ಲ ಅಂತ ಬರೀಬೇಕಾತು."

"ಮನಸ್ಸು ಒಪ್ಪಿತೇ?"

"ಒಪ್ಪಸಿದೆ ರೀ. ಲಿಂಗದಾಗ ಐಕ್ಯ ಆದವರಿಗೆ ನೆಲದ ಹಂಗಿಲ್ಲ ಅಂತ ನಾನೇ ನನಗ ಹೇಳಕೊಂಡೆ. ಮಾತು ಖರೇನೇ ಅದ. ಆದ್ರ ನಾ ಅದನ್ನ ಧರ್ಮಕ್ಕಂತ ಹೇಳಲಿಲ್ಲ. ಸಹಿ ಮಾಡಾಕ ಹೇಳಿದೆ."

ಬಸವೇಶ್ವರಿಯೇ ಮುಂದುವರಿಸಿದರು.

"ಬರೋಬ್ಬರಿ ಅಕಿ ತಲಿ ಮ್ಯಾಲೇ ಆ ಹಲಗಿ ಕಟ್ಟಿ ಬಂತು. ಬ್ಯಾಲಿ ಸಂದಿಲೆ ದಿನಾ ನೋಡ್ತಿದ್ದೆ. ಯೋಗಕ್ಕ ಬರೋರು ಚಪ್ಪಲಿ ಕೆಳಗ ಬಿಟ್ಟೇ ಏರ್ತಾರ ರೀ. ತುಳಿದ್ರ ಬೈಕೋತ ಇರಬಹುದಿತ್ತು. ಅವರು ಕೈ ಮುಗೀತಿದ್ರು. ಗೊತ್ತಿಲ್ಲದೇ ಮುಗೀತಿದ್ರು. ಅದು ನನಗ ತಡಕೊಳ್ಳಾಕ ಆಗಲಿಲ್ಲ."

"ಎರಡು ವರ್ಷ ಸುಮ್ಮನಿದ್ದು ಈಗ ಯಾಕೆ?" ಸೋಮಶೇಖರ ವೈಜಿನಾಥಪ್ಪನನ್ನೇ ಕೇಳಿದರು. ಉತ್ತರ ಅರ್ಧ ಗೊತ್ತಿತ್ತು. ಆದರೂ ಅವರ ಬಾಯಿಂದ ಬರಬೇಕಿತ್ತು.

"ಎರಡನೇ ತಾರೀಖು ನನ್ನನ್ನ ನಿಲ್ಲಿಸಿ ಬಾಯಿಲೆ ಕೇಳ್ತಾರಂತ ಅನಿಕೇತಪ್ಪ ಹೇಳಿದ್ರು. ಬರಿಯೋದು ಬ್ಯಾರೆ ರೀ, ಕಣ್ಣಾಗ ಕಣ್ಣಿಟ್ಟು ಹೇಳೋದು ಬ್ಯಾರೆ. ಕೊರಳಾಗ ಲಿಂಗ ಕಟಕೊಂಡು, ಇಲ್ಲಿ ಏನೂ ಇಲ್ಲ ಅಂತ ಹ್ಯಾಂಗ ಹೇಳಲಿ? ಇದ್ದದ್ದು ಅದ ಅಂದ್ರ ಅಲ್ಲಿ ದುಡಿಯೋ ಎಂಬತ್ತು ಮಂದಿ ಅನ್ನ ಹೋಗ್ತದ. ಈಶಮ್ಮನ ಮಗಳದೂ ಹೋಗ್ತದ." ಅವರು ದಿಬ್ಬದ ಕಡೆ ಕೈ ಮಾಡಿದರು. "ಅದಕ್ಕ ಮಾತು ಖರೇ ಮಾಡಿದೆ. ಈಗ ಅಲ್ಲಿ ಏನೂ ಇಲ್ಲ."

"ಚರಗ ಚೆಲ್ಲದಿದ್ದರೆ ನಾವು ನಿಮ್ಮವರೆಗೆ ಬರುತ್ತಿರಲಿಲ್ಲ."

ವೈಜಿನಾಥಪ್ಪನಿಗೆ ಈ ಮಾತು ವಿಚಿತ್ರವೆನಿಸಿತು. "ಎಳ್ಳಮಾಸಿ ದಿನ ಹೊಲಕ್ಕ ಹೋಗಿ ಚರಗ ಚೆಲ್ಲದೆ ಹ್ಯಾಂಗ ಹೊಳ್ಳಿ ಬರಲಿ ರೀ? ಏಳು ವರ್ಷ ನನ್ನ ಮಗಳನ್ನ ಹೊಟ್ಟ್ಯಾಗ ಇಟಕೊಂಡ ಭೂಮಿ ಅದು."

ಸೋಮಶೇಖರರ ಕಣ್ಣು ಬೋರೆ ಗಿಡದಾಚೆಗೆ ಹೋಯಿತು. ಅಲ್ಲಿಂದ ಹೊಳೆ ಕಾಣುತ್ತಿತ್ತು. ನೀರು ನಿಂತಲ್ಲಿ ನಿಂತಿರುವುದಿಲ್ಲ. ಆಷಾಢದಲ್ಲಿ ಬಿಟ್ಟದ್ದು ಈಗ ಎಲ್ಲಿದೆಯೋ. ಅವರು ಅದನ್ನು ಹೆಚ್ಚು ಹೊತ್ತು ನೋಡಲಿಲ್ಲ.

ತಹಶೀಲ್ದಾರರು ಎಂಟೂವರೆಗೆ ಬಂದರು, ಮರಣದ ದಾಖಲೆ ನೋಡಿದರು, ದಿಬ್ಬವನ್ನು ಮತ್ತೆ ಅಗೆಯುವ ಕಾರಣವಿಲ್ಲವೆಂದು ಬರೆದುಕೊಟ್ಟರು. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ವೈಜಿನಾಥ, ವಯಸ್ಸು ಅರವತ್ತಾರು, ದಸ್ತಗಿರಿ. ಡಬ್ಬಿ ಹಿಡಿದವರ ಹೆಸರನ್ನು ಸೋಮಶೇಖರ ಕೇಸ್ ಡೈರಿಯಲ್ಲಿ ಸಾಕ್ಷಿದಾರರ ಸಾಲಿಗೆ ಬರೆಸಿದರು. ಅದು ಕಾಯಿದೆಗೆ ಪೂರ್ತಿ ಸರಿಯೋ ಇಲ್ಲವೋ, ಐದು ತಿಂಗಳ ನೌಕರಿ ಉಳಿದವನಿಗೆ ಅಷ್ಟು ಧೈರ್ಯವಿರಬೇಕು.

"ದಸ್ತಗಿರಿಯ ಸುದ್ದಿ ಯಾರಿಗೆ ತಿಳಿಸಬೇಕು?" ಬಾಲಮಣಿ ಫಾರಮಿನ ಪ್ರಶ್ನೆ ಓದಿದಳು.

"ಇಲ್ಲೇ ಕುಂತಾಳ" ಎಂದರು ವೈಜಿನಾಥಪ್ಪ. ಬಸವೇಶ್ವರಿ ಬುತ್ತಿ ಬಿಚ್ಚಿ ಹಣಮಂತರಾಯನ ಕೈಗೆ ಒಂದು ರೊಟ್ಟಿ ಇಟ್ಟರು. "ಎಳ್ಳಮಾಸಿದು ಉಳದದ. ಹಬ್ಬದ ರೊಟ್ಟಿ ಪೊಲೀಸರಿಗೂ ನಡೀತದ, ತಗೋ ತಮ್ಮಾ." ಅವನು ತಲೆ ಬಗ್ಗಿಸಿ ತೆಗೆದುಕೊಂಡ.

ಠಾಣೆಯ ಬೆಂಚಿನ ಮೇಲೆ ಸಂಜೀವಕುಮಾರ ಒಂಬತ್ತಕ್ಕೇ ಬಂದು ಕೂತಿದ್ದ. ಜೀಪಿನಿಂದ ಇಳಿದವರನ್ನು ಕಂಡು ಎದ್ದು ನಿಂತ. "ಕಾಕಾ" ಎಂದು ಅವರ ಕೈಚೀಲ ತೆಗೆದುಕೊಂಡ.

"ನಿನ್ನ ಮೈಕಿನ ಮಾತು ನಿನಗ ಉರುಲಾಗ್ತಿತ್ತು ನೋಡಪಾ" ಎಂದರು ವೈಜಿನಾಥಪ್ಪ. "ಮಾಸ್ತರ ಆದಮ್ಯಾಲರ ತೂಕ ಮಾಡಿ ಮಾತಾಡು. ಇಲ್ಲಾಂದ್ರ ನನ್ನಂಗ ಮಾಡಿ ತೋರಸಬೇಕಾಗ್ತದ."

ಹನ್ನೊಂದಕ್ಕೆ ಡಿ.ಎಸ್.ಪಿ. ಸಾಹೇಬರ ಫೋನು ಮತ್ತೆ ಬಂತು. ಅನಿಕೇತ ಆಗಲೇ ಅವರಿಗೆ ಎಲ್ಲ ಮುಟ್ಟಿಸಿದ್ದ.

"ಒಳ್ಳೆಯದಾಯಿತು, ಆರೋಪಿ ಸಿಕ್ಕ. ಆದರೆ ಆ ಸಮಾಧಿಯ ಮಾತು ಕಾಗದದಲ್ಲಿ ಯಾಕೆ? ಜಮೀನಿನ ಹಳೆಯ ಅಸಮಾಧಾನ ಅಂತ ಬರೆಯಿರಿ. ಸಾಕು. ಎಷ್ಟು ಮಂದಿಯ ಹೊಟ್ಟೆಯ ಪ್ರಶ್ನೆ ನೋಡಿ."

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಈಶಮ್ಮನ ತಲೆಯ ಮೇಲಿನ ಹೊರೆ ಸೋಮಶೇಖರರ ಕಣ್ಣ ಮುಂದೆ ಬಂತು. ಆದರೆ ಅದೇ ಈಶಮ್ಮ, ಮಗಳ ನೌಕರಿ ಗೊತ್ತಿದ್ದೂ, ಚರಗವನ್ನು ಎಂಜಲೆಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಒಪ್ಪಿರಲಿಲ್ಲ.

"ಪಂಚರಿಗೆ ಓದಿ ಹೇಳಿ ಸಹಿ, ಹೆಬ್ಬೆಟ್ಟು ಆಗಿದೆ ಸರ್" ಎಂದರು. "ಇನ್ನು ತಿದ್ದಲು ಬರುವುದಿಲ್ಲ."

ಆ ಕಡೆಯಿಂದ ಫೋನ್ ಇಟ್ಟ ಸದ್ದಾಯಿತು.

ಅವರು ಗಾಜಿನ ಗುಂಡು ಸರಿಸಿ ಸಂಜೀವಕುಮಾರನ ಕಾಗದ ತೆಗೆದು, "ಯಾವ ಪ್ರಕರಣವೂ ಬಾಕಿ ಇಲ್ಲ, ನಡತೆ ತೃಪ್ತಿಕರ" ಎಂದು ಬರೆದು ಮುದ್ರೆ ಒತ್ತಿದರು. ಜಾಮೀನು ಕೊಡಬಹುದಾದ ಕಲಮುಗಳು; ಮುಚ್ಚಳಿಕೆಗೆ ಸಂಜೀವಕುಮಾರನೇ ಸಹಿ ಹಾಕುವೆನೆಂದು ನಿಂತ.

ಉಳಿದದ್ದು ಹೇಳಿಕೆ. ಅದರ ಕೊನೆಗೆ ಅಪರಾಧದ ಉದ್ದೇಶ ಬರೆಯುವ ಜಾಗ. ಮೂವತ್ತನಾಲ್ಕು ವರ್ಷದಲ್ಲಿ ಸೋಮಶೇಖರ ಆ ಜಾಗದಲ್ಲಿ ದ್ವೇಷ, ದುರಾಸೆ, ಅಸೂಯೆ, ಕುಡಿತ ಎಂದೆಲ್ಲ ಬರೆದಿದ್ದರು. ಈ ಮನುಷ್ಯ ಒಂದು ಸುಳ್ಳನ್ನು ನಿಜ ಮಾಡಲು ಮಗಳನ್ನು ಎರಡನೆಯ ಸಲ ಮಣ್ಣಿನಲ್ಲಿ ಕೂಡಿಸಿದ್ದ. ಈಗ ತಾನು ನಿಜ ಬರೆದರೆ ಆ ಹಳೆಯ ಸುಳ್ಳಿನ ದಾಖಲೆ ನಾಳೆ ಬರುವ ಪರದೇಶದವರ ಕೈಗೂ ಹೋಗುತ್ತದೆ.

ಬರೆದು, ಪದ್ಧತಿಯಂತೆ ಓದಿ ಹೇಳಿದರು: "ತಾನು ಬರೆದುಕೊಟ್ಟ ಮಾತನ್ನು ಖರೆ ಮಾಡುವ ಸಲುವಾಗಿ."

ವೈಜಿನಾಥಪ್ಪ ಕಣ್ಣು ಮುಚ್ಚಿ ಕೇಳಿದರು.

"ಇನ್ನೊಂದು ಸಲ ಓದ್ರಿ."

ಓದಿದರು.

"ಅಕಿ ಹೆಸರು ಹಾಕಿಲ್ಲಲ್ರೀ. ಇಲ್ಲ ಅಂತ ಬರದದ್ದು ಒಂದು ಸಲ ಸಾಕು."

ಸೋಮಶೇಖರ ಕಾಗದ ತಮ್ಮ ಕಡೆಗೆ ಎಳೆದುಕೊಂಡರು. "ಸರ್ವೆ ನಂಬರ್ 87ರಲ್ಲಿ ಸ್ವಾತಿ ಎಂಬ ತನ್ನ ಮಗಳ ಸಮಾಧಿ ಇದ್ದು" ಎಂದು ಮೇಲಿನ ಸಾಲಿನಲ್ಲಿ ಸೇರಿಸಿ, ಬದಿಗೆ ಸಹಿ ಮಾಡಿದರು.

"ಬರೋಬ್ಬರಿ ಅದ ರೀ ಈಗ" ಎಂದರು ವೈಜಿನಾಥಪ್ಪ. ಕೈ ಧೋತರಕ್ಕೆ ಒರೆಸಿಕೊಂಡು, ಹಳೆಯ ಶಾಲೆಯ ಗುಂಡು ಅಕ್ಷರದಲ್ಲಿ, ನಿಧಾನವಾಗಿ, ತಮ್ಮ ಹೆಸರು ಬರೆದರು.